ಹೆಸರಿಲ್ಲದವನ ಸೋದರಮಾವ

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂಬುದು ಹಿರಿಯರ ಮಾತು. ಆದರೆ ಕಥೆ ಓದುವವರು ಈ ಮಾತಿಗೆ ಎಂದೂ ಕಟ್ಟುಬಿದ್ದವರಲ್ಲ. ಧಾರಾವಾಹಿಯ ನಾಯಕನೊಬ್ಬ ಎಲ್ಲಿಂದಲೋ ಬಂದು ಮೊದಲ ಕಂತಿನಲ್ಲಿ ಕಾಣಿಸಿಕೊಂಡನೆಂದರೆ ಸಾಕು. ಎರಡನೆಯ ಕಂತು ಬರುವುದರೊಳಗೆ ಅವನ ತಾಯ್ತಂದೆಗಳು ಯಾರು, ಹುಟ್ಟೂರು ಯಾವುದು, ಮದುವೆಯಾಗಿದೆಯೋ ಇಲ್ಲವೋ ಎಂಬ ವಿಚಾರಣೆ ಮನೆಮಂದಿಯ ನಡುವೆ ಆರಂಭವಾಗಿಬಿಡುತ್ತದೆ. ಹೆಣ್ಣು ನೋಡಲು ಬಂದ ವರನೂ ಇಷ್ಟು ಪ್ರಶ್ನೆಗಳನ್ನು ಎದುರಿಸಿರಲಾರ. ಕಥೆಗಾರರು ಈ ಕುತೂಹಲವನ್ನು ಬಲ್ಲರು. ಬಲ್ಲವರಾದುದರಿಂದಲೇ ಉತ್ತರವನ್ನು ಬೇಗ ಕೊಡುವುದಿಲ್ಲ.

ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ 1963ರ ನವೆಂಬರ್ 23ರಂದು ಆರಂಭವಾದ ‘ಡಾಕ್ಟರ್ ಹೂ’ ಎಂಬ ಕಥಾಮಾಲೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ನಾಯಕ ಅನ್ಯಗ್ರಹದವನು. ಹೊರಗಿನಿಂದ ನೋಡಿದರೆ ಪೋಲೀಸರ ಟೆಲಿಫೋನ್ ಪೆಟ್ಟಿಗೆಯಂತೆ ಕಾಣುವ ವಾಹನವೊಂದರಲ್ಲಿ ಕುಳಿತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಸಂಚರಿಸಬಲ್ಲವನು. ಅವನಿಗೆ ಹೆಸರಿಲ್ಲ, ‘ಡಾಕ್ಟರ್’ ಎಂಬ ಸಂಬೋಧನೆಯಷ್ಟೇ. ಬಂಧುವರ್ಗವೆಂದರೆ ಆರಂಭದಲ್ಲಿ ಜೊತೆಗಿದ್ದ ಸುಸಾನ್ ಎಂಬ ಮೊಮ್ಮಗಳೊಬ್ಬಳೇ. ಮೊಮ್ಮಗಳಿದ್ದ ಮೇಲೆ ಮಗನೋ ಮಗಳೋ ಇರಲೇಬೇಕಷ್ಟೆ! ಆದರೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅವನು ಕಾಲಾಧಿಪತಿಗಳೆಂಬ ಕುಲಕ್ಕೆ ಸೇರಿದವನೆಂದು ತಿಳಿದದ್ದು 1969ರಲ್ಲಿ; ಹುಟ್ಟಿದ ಗ್ರಹದ ಹೆಸರು ಹೊರಬಿದ್ದದ್ದು 1973ರಲ್ಲಿ; 2020ರಲ್ಲಿ ಬಂದ ಕಥೆಯೊಂದು ಆವರೆಗಿನ ಜನ್ಮವೃತ್ತಾಂತವನ್ನೆಲ್ಲ ತಲೆಕೆಳಗು ಮಾಡಿತು. ಹೀಗೆ ನಾಯಕ ಮೊದಲು ಹುಟ್ಟುತ್ತಾನೆ. ಅವನ ತಾಯ್ತಂದೆಗಳು ಆಮೇಲೆ ಹುಟ್ಟುತ್ತಾರೆ. ಕಥಾಲೋಕದ ಸೃಷ್ಟಿಕ್ರಮವೇ ಅದು.

ಈ ಕ್ರಮವನ್ನು ಇನ್ನೂ ತೊಂಬತ್ತು ವರ್ಷಗಳ ಹಿಂದೆಯೇ ಅನುಸರಿಸಿದ ಫ್ರೆಂಚ್ ಕಾದಂಬರಿಕಾರನೊಬ್ಬ ತನ್ನ ಅನಾಮಧೇಯ ನಾಯಕನಿಗೆ ಬಂಧುವನ್ನು ಹುಡುಕುತ್ತ ಹೊರಟು, ಕಟ್ಟಕಡೆಗೆ ಬಂದು ನಿಂತದ್ದು ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣದಲ್ಲಿ ಎಂಬುದು ಕನ್ನಡಿಗರಲ್ಲಿ ಅನೇಕರ ಗಮನಕ್ಕೆ ಬಾರದ ಸಂಗತಿ.

ಆ ಕಾದಂಬರಿಕಾರ ಜೂಲ್ಸ್ ವರ್ನ್. 1828ರಲ್ಲಿ ನಾಂತ್ ಪಟ್ಟಣದಲ್ಲಿ ಹುಟ್ಟಿ 1905ರಲ್ಲಿ ಆಮಿಯೆನ್ಸಿನಲ್ಲಿ ತೀರಿಕೊಂಡವನು. ಅವನ ನಾಯಕ ಕ್ಯಾಪ್ಟನ್ ನೀಮೋ. ‘ನೀಮೋ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಯಾರೂ ಅಲ್ಲ’ ಎಂದರ್ಥ. 1869–70ರಲ್ಲಿ ಸಚಿತ್ರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ‘ಸಮುದ್ರದಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು’ ಎಂಬ ಕಥೆಯಲ್ಲಿ ಆತ ವಿದ್ಯುಚ್ಛಕ್ತಿಯಿಂದ ಚಲಿಸುವ ‘ನಾಟಿಲಸ್’ ಎಂಬ ಜಲಾಂತರ್ಗಾಮಿ ನೌಕೆಯ ಒಡೆಯ. ಸಾಗರದ ತಳವೇ ಅವನ ರಾಜ್ಯ. ಭೂಮಿಯ ಮೇಲೆ ಕಾಲಿಡುವುದೆಂದರೆ ಅವನಿಗೆ ಹೇಸಿಗೆ. ಕಾಲದಲ್ಲಿ ಹಿಂದೆಮುಂದೆ ಹೋಗುವ ಯಂತ್ರ ಅವನ ಬಳಿ ಇಲ್ಲದಿದ್ದರೂ, ತನ್ನ ಕಾಲಕ್ಕಿಂತ ಬಹಳ ಮುಂದಿನದಾದ ನೌಕೆಯಲ್ಲಿ ಕುಳಿತು ಹಳೆಯ ದುಃಖವೊಂದನ್ನು ಹೊತ್ತು ತಿರುಗುವ ಅವನನ್ನು ಕಾಲಸಂಚಾರಿಯೆಂದರೆ ತಪ್ಪಾಗಲಾರದು.

ಮೊದಲ ಕಾದಂಬರಿ ಮುಗಿದಾಗಲೂ ಅವನಾರೆಂಬುದು ಓದುಗರಿಗೆ ತಿಳಿಯಲಿಲ್ಲ. ಸುಳಿವುಗಳು ಮಾತ್ರ ಅಲ್ಲಲ್ಲಿ ಚೆಲ್ಲಿದ್ದವು. ಅವನ ಕೊಠಡಿಯ ಗೋಡೆಯ ಮೇಲೆ ಪೋಲೆಂಡಿನ ಕೊಸ್ಯೂಸ್ಕೊ, ಐರ್ಲೆಂಡಿನ ಒಕಾನೆಲ್, ಅಮೆರಿಕದ ವಾಷಿಂಗ್‌ಟನ್, ಲಿಂಕನ್, ಜಾನ್ ಬ್ರೌನ್ ಮೊದಲಾದ ವಿಮೋಚಕರ ಚಿತ್ರಗಳು. ಇನ್ನೊಂದು ಕಡೆ ಎರಡು ಮಕ್ಕಳೊಡನಿರುವ ತರುಣಿಯೊಬ್ಬಳ ಭಾವಚಿತ್ರ. ಅದರ ಮುಂದೆ ಮೊಣಕಾಲೂರಿ ಆತ ಬಿಕ್ಕುತ್ತಾನೆ. ಸಿಂಹಳದ ತೀರದಲ್ಲಿ ಮುತ್ತು ತೆಗೆಯಲು ಮುಳುಗಿದ ಬಡ ಭಾರತೀಯನೊಬ್ಬನ ಮೇಲೆ ಷಾರ್ಕ್ ಮೀನು ಎರಗಿದಾಗ, ಮನುಷ್ಯಕುಲವನ್ನೇ ತೊರೆದೆನೆನ್ನುವ ಈ ನೀಮೋ ಕಠಾರಿ ಹಿಡಿದು ಅದರೊಡನೆ ಸೆಣಸಿ ಅವನನ್ನು ಬದುಕಿಸುತ್ತಾನೆ. ಮುತ್ತಿನ ಚೀಲವೊಂದನ್ನು ಅವನ ಕೈಯಲ್ಲಿಟ್ಟು ಹೊರಟುಹೋಗುತ್ತಾನೆ. ಕಾರಣ ಕೇಳಿದವರಿಗೆ, ಆ ಮನುಷ್ಯ ತುಳಿತಕ್ಕೊಳಗಾದ ದೇಶದವನೆಂದೂ ಕೊನೆಯುಸಿರಿನವರೆಗೂ ತಾನು ಅಂಥ ದೇಶದ ಪಕ್ಷದವನೇ ಎಂದೂ ಉತ್ತರ ಕೊಡುತ್ತಾನೆ.

ಆದರೆ ವರ್ನ್ ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದ ದೇಶ ಭಾರತವಲ್ಲ, ಪೋಲೆಂಡ್. 1863ರಲ್ಲಿ ರಷ್ಯದ ಚಕ್ರವರ್ತಿಯ ವಿರುದ್ಧ ಪೋಲೆಂಡಿನವರು ಎದ್ದಾಗ ರಷ್ಯದ ಸೈನ್ಯ ಆ ದಂಗೆಯನ್ನು ನಿರ್ದಯವಾಗಿ ತುಳಿದುಹಾಕಿತು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಪೋಲಿಷ್ ಸರದಾರನೊಬ್ಬನ ಸೇಡಿನ ಕಥೆಯಾಗಬೇಕಿತ್ತು ಅದು. ಪ್ರಕಾಶಕನಾದ ಪಿಯೆರ್ ಜೂಲ್ಸ್ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯದಲ್ಲಿ ವರ್ನ್‌ನ ಪುಸ್ತಕಗಳಿಗೆ ಒಳ್ಳೆಯ ಬೇಡಿಕೆಯಿತ್ತು. ಅದನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ. ನೀಮೋವನ್ನು ಗುಲಾಮರ ವ್ಯಾಪಾರದ ಶತ್ರುವನ್ನಾಗಿ ಮಾಡೆಂದು ಆತ ಸಲಹೆಯಿತ್ತ. ವರ್ನ್ ಅದನ್ನು ಒಪ್ಪಲಿಲ್ಲ. ಇಬ್ಬರೂ ಪಟ್ಟು ಸಡಿಲಿಸದಿದ್ದುದರಿಂದ ನಾಯಕನಿಗೆ ಊರೂ ಇಲ್ಲದಾಯಿತು, ಶತ್ರುವಿಗೆ ಹೆಸರೂ ಇಲ್ಲದಾಯಿತು. ‘ಯಾರೂ ಅಲ್ಲ’ ಎಂಬ ನಾಮಧೇಯದ ಗಾಂಭೀರ್ಯವನ್ನು ಕುರಿತು ವಿಮರ್ಶಕರು ಏನೇ ಹೇಳಲಿ, ಅದರ ಹಿಂದೆ ಪುಸ್ತಕ ವ್ಯಾಪಾರದ ಲೆಕ್ಕಾಚಾರವೂ ಒಂದಿಷ್ಟಿತ್ತು.

ಐದು ವರ್ಷಗಳ ತರುವಾಯ, 1874–75ರಲ್ಲಿ ಅದೇ ಪತ್ರಿಕೆಯಲ್ಲಿ ‘ನಿಗೂಢ ದ್ವೀಪ’ ಎಂಬ ಇನ್ನೊಂದು ಧಾರಾವಾಹಿ ಪ್ರಕಟವಾಯಿತು. ಅದರ ಕೊನೆಯ ಭಾಗದಲ್ಲಿ ಮುದುಕನಾದ ನೀಮೋ ಮರಣಶಯ್ಯೆಯಲ್ಲಿ ಮಲಗಿ ತನ್ನ ವೃತ್ತಾಂತವನ್ನು ಹೇಳುತ್ತಾನೆ. ಅವನ ನಿಜನಾಮ ರಾಜಕುಮಾರ ಡಕ್ಕಾರ್. ಬುಂದೇಲ್‌ಖಂಡದ ರಾಜನೊಬ್ಬನ ಮಗ; ‘ಭಾರತದ ವೀರ’ನಾದ ಟಿಪ್ಪು ಸಾಹೇಬನಿಗೆ ಸಮೀಪದ ಬಂಧು. ಹತ್ತನೆಯ ವಯಸ್ಸಿನಲ್ಲಿ ತಂದೆ ಅವನನ್ನು ಯೂರೋಪಿಗೆ ಕಳುಹಿಸುತ್ತಾನೆ. ಆಳುವವರ ವಿದ್ಯೆಯನ್ನು ಕಲಿತು ಅದೇ ವಿದ್ಯೆಯಿಂದ ಅವರನ್ನು ಎದುರಿಸಲೆಂಬುದು ತಂದೆಯ ಆಸೆ. ಮೂವತ್ತನೆಯ ವಯಸ್ಸಿನವರೆಗೆ ಶಾಸ್ತ್ರ, ಸಾಹಿತ್ಯ, ಕಲೆಗಳನ್ನು ಕಲಿತು 1849ರಲ್ಲಿ ಹಿಂದಿರುಗಿದ ಡಕ್ಕಾರ್ ಕುಲೀನ ಕನ್ಯೆಯೊಬ್ಬಳನ್ನು ವರಿಸಿ ಇಬ್ಬರು ಮಕ್ಕಳ ತಂದೆಯಾಗುತ್ತಾನೆ. 1857ರ ಮಹಾದಂಗೆಯಲ್ಲಿ ಧುಮುಕಿ ಹತ್ತು ಬಾರಿ ಗಾಯಗೊಳ್ಳುತ್ತಾನೆ. ದಂಗೆ ಅಡಗುತ್ತದೆ, ಅವನ ತಲೆಗೆ ಬೆಲೆ ಕಟ್ಟಲಾಗುತ್ತದೆ. ಅವನು ಸಿಕ್ಕಲಿಲ್ಲ, ಅವನಿಗೆ ಬದಲಾಗಿ ತಂದೆ, ತಾಯಿ, ಹೆಂಡತಿ, ಮಕ್ಕಳು ಪ್ರಾಣ ತೆರುತ್ತಾರೆ. ಉಳಿದ ಇಪ್ಪತ್ತು ಮಂದಿ ನಂಬಿಕಸ್ಥರೊಡನೆ ಆತ ನೆಲವನ್ನು ಬಿಟ್ಟು ನೀರಿನ ಕೆಳಗೆ ಇಳಿಯುತ್ತಾನೆ.

ಡಕ್ಕಾರ್ ಟಿಪ್ಪುವಿಗೆ ಏನಾಗಬೇಕು? ಫ್ರೆಂಚ್ ಮೂಲದಲ್ಲಿರುವ ‘ನೆವ್ಯೊ’ ಎಂಬ ಶಬ್ದ ಅಣ್ಣತಮ್ಮಂದಿರ ಮಗನಿಗೂ ಸಲ್ಲುತ್ತದೆ, ಅಕ್ಕತಂಗಿಯರ ಮಗನಿಗೂ ಸಲ್ಲುತ್ತದೆ. ಕನ್ನಡಕ್ಕೆ ಇಷ್ಟು ಸಾಲದು. ಕನ್ನಡದಲ್ಲಿ ಅಣ್ಣತಮ್ಮಂದಿರ ಮಗ ಮಗನೇ. ಅಕ್ಕತಂಗಿಯರ ಮಗ ಅಳಿಯ. ತಂದೆ ಬುಂದೇಲ್‌ಖಂಡದ ರಾಜನೆಂದ ಮೇಲೆ ಅವನು ಹೈದರಾಲಿಯ ಮಗನಲ್ಲ. ಆದ್ದರಿಂದ ನಂಟು ತಾಯಿಯ ಕಡೆಯದಾಗಿರಬೇಕು. ಹಾಗಿದ್ದರೆ ಡಕ್ಕಾರ್ ಟಿಪ್ಪುವಿಗೆ ಸೋದರಳಿಯ. ಟಿಪ್ಪು ಅವನಿಗೆ ಸೋದರಮಾವ. ಪಂಚಾಂಗವನ್ನು ತೆಗೆದು ನೋಡಿದರೆ ಇದು ಅಸಾಧ್ಯವೇನಲ್ಲ. 1849ರಲ್ಲಿ ಮೂವತ್ತು ವರ್ಷದವನಾದರೆ ಅವನು ಹುಟ್ಟಿದ್ದು 1819ರಲ್ಲಿ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಅವನ ಕೊನೆಯ ಮಗಳು 1783ರಲ್ಲಿ ಹುಟ್ಟಿದಳೆಂದು ಕಲ್ಪಿಸಿದರೂ 1819ರಲ್ಲಿ ಆಕೆಗೆ ಮೂವತ್ತಾರು ವರ್ಷ. ಪಂಚಾಂಗ ಒಪ್ಪಬಹುದು, ಚರಿತ್ರೆ ಒಪ್ಪುವುದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಟಿಪ್ಪುವಿನ ಮನೆತನ ಆಂಗ್ಲರ ಕಾವಲಿನಲ್ಲಿತ್ತು. ಆ ಕಾವಲನ್ನು ದಾಟಿ ಅಲ್ಲಿಂದ ಬುಂದೇಲ್‌ಖಂಡದ ರಾಜನ ಮನೆಗೆ ಸೊಸೆ ಹೋದಳೆಂಬುದನ್ನು ನಂಬಲು ಕಾದಂಬರಿಯ ಓದುಗನ ಹೃದಯವೇ ಬೇಕು.

ಕಾದಂಬರಿಯ ಒಳಗಿನ ಪಂಚಾಂಗವಂತೂ ಇನ್ನೂ ಸೋಜಿಗದ್ದು. ನೀಮೋ ಸತ್ತದ್ದು 1868ರ ಅಕ್ಟೋಬರ್ 15ರಂದು. ಅದಕ್ಕೆ ಹದಿನಾರು ವರ್ಷಗಳ ಹಿಂದೆ ಫ್ರೆಂಚ್ ಪ್ರಾಧ್ಯಾಪಕನೊಬ್ಬ ತನ್ನ ನೌಕೆಯಲ್ಲಿದ್ದನೆಂದು ಅವನು ನೆನೆಯುತ್ತಾನೆ. ಹಾಗಾದರೆ ಅದು 1852. ಮಹಾದಂಗೆಗೂ ಐದು ವರ್ಷ ಹಿಂದೆ! ಹೆಂಡತಿ ಮಕ್ಕಳು ಸಾಯುವುದಕ್ಕೆ ಮೊದಲೇ ಅವರಿಗಾಗಿ ಸೇಡು, ದಂಗೆ ಸೋಲುವುದಕ್ಕೆ ಮೊದಲೇ ಸೋತವನ ನೌಕೆ! ಮೊದಲ ಕಾದಂಬರಿಯ ಪ್ರಕಾರವಾದರೋ ಅದೇ ಪ್ರಾಧ್ಯಾಪಕ ನೌಕೆಯಿಂದ ಪಾರಾದದ್ದು 1868ರ ಬೇಸಗೆಯಲ್ಲಿ. 1819ರಲ್ಲಿ ಹುಟ್ಟಿ 1868ರಲ್ಲಿ ಸತ್ತವನಿಗೆ ನಲವತ್ತೊಂಬತ್ತು ವರ್ಷವಾಗಬೇಕು. ಕಥೆಯಲ್ಲಿ ಅವನು ಅರವತ್ತನ್ನು ದಾಟಿದ ವೃದ್ಧ. ತಾರೀಖುಗಳು ಹೊಂದುವುದಿಲ್ಲವೆಂಬುದನ್ನು ಪುಸ್ತಕದ ಅಡಿಟಿಪ್ಪಣಿಯೇ ಒಪ್ಪಿಕೊಂಡಿತು. ಕಾಲಯಂತ್ರವಿಲ್ಲದೆಯೇ ಕಾಲವನ್ನು ದಾಟಿದವನು ಡಕ್ಕಾರ್.

ಭಾರತಕ್ಕೆ ಎಂದೂ ಬಾರದ ಲೇಖಕನಿಗೆ ಶ್ರೀರಂಗಪಟ್ಟಣದ ಒಡೆಯನ ಹೆಸರೇ ಏಕೆ ಹೊಳೆಯಿತು? ಫ್ರಾನ್ಸಿಗೆ ಆ ಹೆಸರು ಹಳೆಯ ಪರಿಚಯ. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪ್ಯಾರಿಸಿಗೆ ಹೋಗಿ, ಆಗಸ್ಟ್ ತಿಂಗಳಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿದ್ದರು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಆಂಗ್ಲರ ಕೈಗೆ ಸಿಕ್ಕಿತು. 1813ರಲ್ಲಿ ಪ್ಯಾರಿಸಿನ ರಂಗಭೂಮಿಯ ಮೇಲೆ ಟಿಪ್ಪು ಒಂದು ದುರಂತ ನಾಟಕದ ನಾಯಕನಾದ. ಇತ್ತ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಕಾಳಗದ ಚಿತ್ರದಲ್ಲಿ ಮೈಸೂರಿನ ಕಡೆ ನಿಂತ ಫ್ರೆಂಚರನ್ನು ನೋಡಬಹುದು. ಪಟ್ಟಣಕ್ಕೆ ಸಮೀಪದ ಹಿರೋಡೆಯಲ್ಲಿ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದುದರಿಂದ ಆ ಊರಿಗೆ ಬಹುಕಾಲ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ನಿಂತಿತ್ತು. ಅದೇ ಇಂದಿನ ಪಾಂಡವಪುರ. ಅಲ್ಲಿನ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ವನವಾಸದ ದಿನಗಳನ್ನು ಕಳೆದರೆಂಬುದು ಸ್ಥಳೀಯರ ಐತಿಹ್ಯ. ರಾಜ್ಯ ಕಳೆದುಕೊಂಡು, ಹೆಸರು ಮರೆಸಿಕೊಂಡು ಅಜ್ಞಾತವಾಸ ಮಾಡುವ ರಾಜಕುಮಾರರ ಕಥೆ ಆ ಪ್ರಾಂತ್ಯಕ್ಕೆ ಹೊಸದಲ್ಲ.

ಆಂಗ್ಲ ಕಥೆಗಾರರು ಇದೇ ಪಟ್ಟಣವನ್ನು ಬೇರೆ ಕಣ್ಣಿನಿಂದ ನೋಡಿದರು. ವಿಲ್ಕಿ ಕಾಲಿನ್ಸನ 1868ರ ‘ಚಂದ್ರಶಿಲೆ’ ಕಾದಂಬರಿ ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದ ಲೂಟಿಯಿಂದ. ಅಲ್ಲಿ ಪಟ್ಟಣವೆಂದರೆ ವಜ್ರ ಸಿಕ್ಕುವ ಸ್ಥಳ. ವರ್ನ್‌ನಲ್ಲಿ ಅದು ಬಂಡಾಯಗಾರನ ತವರುಮನೆ. ‘ನಿಗೂಢ ದ್ವೀಪ’ವನ್ನು ಇಂಗ್ಲಿಷಿಗೆ ತಂದವರಿಗೆ ಆ ತವರಿನ ಕಥೆ ರುಚಿಸಲಿಲ್ಲ. 1875ರಲ್ಲಿ ಕಿಂಗ್‌ಸ್ಟನ್ನನ ಹೆಸರಿನಲ್ಲಿ ಬಂದ ಅನುವಾದದಲ್ಲಿ ಆಂಗ್ಲರ ಆಳ್ವಿಕೆಯ ಮೇಲಿನ ನಿಷ್ಠುರದ ಮಾತುಗಳು ಮೆತ್ತಗಾದವು. ಬಹುಕಾಲ ಇಂಗ್ಲಿಷ್ ಓದುಗರು, ಅವರೊಡನೆ ಇಂಗ್ಲಿಷಿನ ಮೂಲಕವೇ ವರ್ನ್‌ನನ್ನು ಕಂಡ ಭಾರತೀಯ ವಿದ್ಯಾರ್ಥಿಗಳು, ಹಲ್ಲು ಕಿತ್ತ ನೀಮೋವನ್ನೇ ಓದಿದರು. 1954ರ ಹಾಲಿವುಡ್ ಚಿತ್ರದಲ್ಲಿ ನೀಮೋ ಆದವನು ಆಂಗ್ಲನಟ ಜೇಮ್ಸ್ ಮೇಸನ್. 2003ರ ಚಿತ್ರವೊಂದರಲ್ಲಿ ನಸೀರುದ್ದೀನ್ ಷಾ ಆ ಪಾತ್ರವನ್ನು ವಹಿಸಿದಾಗ ಡಕ್ಕಾರನಿಗೆ ತನ್ನ ಮೈಬಣ್ಣ ಮರಳಿ ಬಂದಿತು.

ಕಾದಂಬರಿಯ ಬಂಧುವನ್ನು ಕಂಡಾದ ಮೇಲೆ ಚರಿತ್ರೆಯ ಬಂಧುಗಳ ಕಡೆ ತಿರುಗುವುದು ನ್ಯಾಯ. ಡಕ್ಕಾರ್ ಹತ್ತು ವರ್ಷದವನಾಗಿ ಮನೆ ಬಿಟ್ಟನಷ್ಟೆ? ನಿಜವಾದ ಟಿಪ್ಪುವಿನ ಇಬ್ಬರು ಮಕ್ಕಳು ಅದಕ್ಕಿಂತ ಚಿಕ್ಕವರಾಗಿದ್ದಾಗಲೇ ಮನೆ ಬಿಟ್ಟರು. 1792ರ ಒಪ್ಪಂದದಂತೆ ಎಂಟು ವರ್ಷದ ಅಬ್ದುಲ್ ಖಾಲಿಕನನ್ನೂ ಐದು ವರ್ಷದ ಮುಯಿಜುದ್ದೀನನನ್ನೂ ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. ಅವರು ಹಿಂದಿರುಗಿದ್ದು 1794ರಲ್ಲಿ. ಐದು ವರ್ಷಗಳ ತರುವಾಯ ತಂದೆ ಕೋಟೆಯ ಬಾಗಿಲಲ್ಲಿ ಬಿದ್ದ. ಮಕ್ಕಳು ವೆಲ್ಲೂರಿನ ಕೋಟೆ ಸೇರಿದರು. 1806ರ ಜುಲೈ 10ರಂದು ಅಲ್ಲಿನ ಸಿಪಾಯಿಗಳು ದಂಗೆಯೆದ್ದು ಮೈಸೂರಿನ ಹುಲಿಯ ಬಾವುಟವನ್ನು ಏರಿಸಿದರು. ದಿನ ಮುಗಿಯುವುದರೊಳಗೆ ದಂಗೆ ಅಡಗಿತು. ರಾಜಕುಮಾರರನ್ನು ದೂರದ ಕಲ್ಕತ್ತೆಗೆ ಸಾಗಿಸಲಾಯಿತು. ತಂದೆ ಸತ್ತಾಗ ನಾಲ್ಕು ವರ್ಷದ ಶಿಶುವಾಗಿದ್ದ ಗುಲಾಂ ಮಹಮ್ಮದ್ ಅಲ್ಲಿಯೇ ಬೆಳೆದು, 1842ರಲ್ಲಿ ಧರ್ಮತಲದ ಬಳಿ ತಂದೆಯ ಹೆಸರಿನ ಮಸೀದಿಯನ್ನು ಕಟ್ಟಿಸಿದ. 1857ರಲ್ಲಿ ಕಾದಂಬರಿಯ ಸೋದರಳಿಯ ಕತ್ತಿ ಹಿಡಿದನು; ನಿಜವಾದ ಮಗ ದಂಗೆಯ ಪಕ್ಷವನ್ನು ಸೇರಲಿಲ್ಲ. ಆತ ತೀರಿಕೊಂಡದ್ದು 1872ರಲ್ಲಿ. ಅದಾದ ಎರಡನೆಯ ವರ್ಷ ಪ್ಯಾರಿಸಿನಲ್ಲಿ ‘ನಿಗೂಢ ದ್ವೀಪ’ದ ಮೊದಲ ಕಂತು ಅಚ್ಚಾಯಿತು.

ಇದನ್ನು ಹೇಡಿತನವೆಂದು ಕರೆಯುವುದು ಸುಲಭ, ನ್ಯಾಯವಲ್ಲ. ಕಥೆಗಾರ ತನ್ನ ನಾಯಕನಿಗೆ ಒಂದು ನೌಕೆಯನ್ನು ಕೊಟ್ಟ. ಚರಿತ್ರೆ ಗುಲಾಂ ಮಹಮ್ಮದನಿಗೆ ಕೊಟ್ಟದ್ದು ಮನೆತುಂಬ ಆಶ್ರಿತರನ್ನು, ಸರ್ಕಾರದ ವಿಶ್ರಾಂತಿ ವೇತನವನ್ನು, ಮತ್ತು ವೆಲ್ಲೂರಿನ ನೆನಪನ್ನು. ಸಂಸಾರವನ್ನು ಕಳೆದುಕೊಂಡವನು ಸಾಗರಕ್ಕೆ ಇಳಿಯಬಹುದು. ಸಂಸಾರವನ್ನು ಉಳಿಸಿಕೊಳ್ಳಬೇಕಾದವನು ದಡದಲ್ಲೇ ನಿಲ್ಲಬೇಕು. ಟಿಪ್ಪುವಿನ ವಿಷಯದಲ್ಲಿಯೂ ಕನ್ನಡನಾಡಿನ ನೆನಪು ಒಂದೇ ಬಗೆಯದಲ್ಲ. ಪಾಂಡವಪುರದ ತಾಲ್ಲೂಕಿಗೇ ಸೇರಿದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ಆ ಆಳ್ವಿಕೆಯ ಕಹಿನೆನಪಿನಿಂದ ನರಕಚತುರ್ದಶಿಯ ಹಬ್ಬವನ್ನೇ ಆಚರಿಸದ ಸಂಪ್ರದಾಯವಿದೆ. ದೂರದ ಕಾದಂಬರಿಕಾರನಿಗೆ ವೀರನೊಬ್ಬ ಬೇಕಾಗಿದ್ದ, ಸಿಕ್ಕಿದ. ಹತ್ತಿರದವರಿಗೆ ಅಷ್ಟು ಸುಲಭವಾಗಿ ಲೆಕ್ಕ ಮುಗಿಯುವುದಿಲ್ಲ.

ವರ್ನ್ ಕೂಡ ತನ್ನ ನಾಯಕನ ಲೆಕ್ಕವನ್ನು ಸುಲಭವಾಗಿ ಮುಗಿಸಿದವನಲ್ಲ. ಸಾಯುವ ಮೊದಲು ನೀಮೋ, ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಸೈರಸ್ ಸ್ಮಿತ್ ಎಂಬ ಇಂಜಿನಿಯರನನ್ನು ಕೇಳುತ್ತಾನೆ. ಸತ್ತುಹೋದ ಕಾಲವನ್ನು ಮತ್ತೆ ಬದುಕಿಸಬಹುದೆಂದು ನಂಬಿದ್ದೇ ನಿನ್ನ ತಪ್ಪು ಎಂಬ ಅರ್ಥದ ಉತ್ತರ ಬರುತ್ತದೆ. ಜಗತ್ತಿನ ಅತ್ಯಂತ ಮುಂದುವರಿದ ಯಂತ್ರವನ್ನು ಕಟ್ಟಿದವನು ಹಿಂದಕ್ಕೆ ಹೋಗಲು ಬಯಸಿದ್ದನು. ಅವನ ಯಂತ್ರ ಎಲ್ಲ ಸಮುದ್ರಗಳನ್ನೂ ಸುತ್ತಿತು; 1857ಕ್ಕೆ ಹಿಂದಿನ ಒಂದು ಸಂಜೆಯ ಬುಂದೇಲ್‌ಖಂಡದ ಮನೆಯನ್ನು ಮಾತ್ರ ಮುಟ್ಟಲಿಲ್ಲ. ಆ ಉತ್ತರವನ್ನು ಒಪ್ಪಬೇಕೆಂದೇನೂ ಇಲ್ಲ. ಪರರ ಆಳ್ವಿಕೆಯನ್ನೇ ಪ್ರಗತಿಯೆಂದು ಬಗೆದ ಆ ಕಾಲದ ಯೂರೋಪಿನ ದನಿಯೂ ಅದರಲ್ಲಿದೆ. ಡಕ್ಕಾರನ ತಪ್ಪಿರುವುದು ಹೋರಾಡಿದ್ದರಲ್ಲಿ ಅಲ್ಲ. ಹೋರಾಟ ಸೋತ ಮೇಲೆ ಹಡಗುಗಳನ್ನು ಮುಳುಗಿಸುತ್ತ, ತನ್ನ ಮಕ್ಕಳಂತೆಯೇ ಪರರ ಮಕ್ಕಳನ್ನೂ ಅನಾಥರನ್ನಾಗಿ ಮಾಡಿದ್ದರಲ್ಲಿ.

ಚರಿತ್ರೆ ಇನ್ನೊಂದು ಕಂತನ್ನು ಬರೆಯಿತು. ಟಿಪ್ಪುವಿನ ವಂಶದ ಕುಡಿಯೆಂದು ಹೆಸರಾದ ನೂರ್ ಇನಾಯತ್ ಖಾನ್ 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದಳು. ಬೆಳೆದದ್ದು ಪ್ಯಾರಿಸಿನ ಬಳಿಯ ಸುರೇನ್ ಎಂಬಲ್ಲಿ. ಅವಳ ತಂದೆ ಬರೋಡಾದಲ್ಲಿ ಜನಿಸಿದ ಸೂಫಿ ಸಂತ ಹಾಗೂ ಗಾಯಕ ಹಜರತ್ ಇನಾಯತ್ ಖಾನ್. ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದು 1939ರಲ್ಲಿ ಪ್ರಕಟಿಸಿದ್ದ ಈ ಮೃದುಸ್ವಭಾವದ ತರುಣಿ, ಮರುವರ್ಷ ಫ್ರಾನ್ಸ್ ನಾಜಿಗಳ ವಶವಾದಾಗ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗುಪ್ತಸೇವೆಗೆ ಸೇರಿದಳು. 1943ರಲ್ಲಿ ಹೆಸರು ಮರೆಸಿಕೊಂಡು, ‘ಮ್ಯಾಡಲೀನ್’ ಎಂಬ ಸಂಕೇತನಾಮದಿಂದ, ಶತ್ರುಗಳು ತುಂಬಿದ್ದ ಪ್ಯಾರಿಸಿನಲ್ಲಿ ರೇಡಿಯೋ ಯಂತ್ರವನ್ನು ಹೊತ್ತು ಮನೆಯಿಂದ ಮನೆಗೆ ಅಲೆಯುತ್ತ ಸಂದೇಶಗಳನ್ನು ಕಳುಹಿಸಿದಳು. ಸಿಕ್ಕಿಬಿದ್ದ ಮೇಲೂ ಗುಟ್ಟು ಬಿಡಲಿಲ್ಲ. 1944ರ ಸೆಪ್ಟೆಂಬರಿನಲ್ಲಿ ಡಾಕೌ ಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಂದರು. ಬ್ರಿಟನ್ 1949ರಲ್ಲಿ ಮರಣೋತ್ತರವಾಗಿ ಅವಳಿಗೆ ಜಾರ್ಜ್ ಕ್ರಾಸ್ ಪದಕವನ್ನು ಕೊಟ್ಟಿತು. ಲಂಡನ್ನಿನ ಗಾರ್ಡನ್ ಚೌಕದಲ್ಲಿ 2012ರಲ್ಲಿ ಅವಳ ಪ್ರತಿಮೆ ನಿಂತಿತು.

ಫ್ರೆಂಚ್ ಕಾದಂಬರಿಕಾರನೊಬ್ಬ ಟಿಪ್ಪುವಿನ ಮನೆತನಕ್ಕೆ ಕಲ್ಪನೆಯ ಮಗನೊಬ್ಬನನ್ನು ಕೊಟ್ಟು, ಆಂಗ್ಲರ ವಿರುದ್ಧ ಸಮುದ್ರದ ತಳಕ್ಕೆ ಕಳುಹಿಸಿದನು. ಆ ಮನೆತನವೋ ತನ್ನ ನಿಜವಾದ ಮಗಳೊಬ್ಬಳನ್ನು ಫ್ರಾನ್ಸಿನ ಬಿಡುಗಡೆಗಾಗಿ, ಆಂಗ್ಲರ ಜೊತೆಯಲ್ಲಿ ನಿಂತು ಸಾಯುವುದಕ್ಕೆ ಕೊಟ್ಟಿತು. ಡಕ್ಕಾರ್ ಹಳೆಯ ಶತ್ರುವನ್ನು ಮರೆಯಲಾರದೆ ಹೆಸರನ್ನು ಕಳೆದುಕೊಂಡ; ನೂರ್ ತನ್ನ ಕಾಲದ ಅನ್ಯಾಯವನ್ನು ಗುರುತಿಸಿ ಹೆಸರನ್ನು ಬಿಟ್ಟುಕೊಟ್ಟಳು. ಶ್ರೀರಂಗಪಟ್ಟಣದ ಕೋಟೆಯ ನೀರುಬಾಗಿಲಿನ ಬಳಿ ಟಿಪ್ಪು ಬಿದ್ದ ಸ್ಥಳವನ್ನು ಗುರುತಿನ ಕಲ್ಲೊಂದು ತೋರಿಸುತ್ತದೆ. ಕಲ್ಲನ್ನು ಓದಿ ಹಿಂದಿರುಗುವ ಯಾತ್ರಿಕರು ಮಕ್ಕಳಿಗೆ ಆ ಒಬ್ಬನ ಕಥೆಯ ಜೊತೆಗೆ ಈ ಇಬ್ಬರ ಕಥೆಯನ್ನೂ ಹೇಳಬಹುದು. ಒಂದು ನಡೆಯದೆ ಇದ್ದದ್ದು, ಇನ್ನೊಂದು ನಡೆದದ್ದು. ಎರಡರ ಮೂಲವೂ ಅಲ್ಲಿಯೇ ಇದೆ.